ಹೊಂಡದ ಹಾಳೆ ಹರಿಯದ ಗಾಳ: ಮೇಕೆ ಕೂದಲು, ಚೌರಿ ಕೂದಲಿನಿಂದ ಮನೆಯಲ್ಲೇ ಜಿಗ್ ಕಟ್ಟೋದು ಹೇಗೆ?

ಹೋದ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಕೃಷಿ ಹೊಂಡದ ನೀರು ಒಂದೇ ವಾರಕ್ಕೆ ಒಂದು ಅಡಿ ಇಳಿದುಹೋಯ್ತು. ಮೊದಲು ಬಿಸಿಲಿಗೆ ಆವಿಯಾಗಿರಬೇಕು ಅಂದ್ಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಕಡು ಬೇಸಿಗೆಯಲ್ಲೂ ದಿನಕ್ಕೆ 6ರಿಂದ 8 ಮಿಲಿಮೀಟರ್ ಆವಿಯಾದರೆ ವಾರಕ್ಕೆ ಎರಡು ಇಂಚು, ಹೆಚ್ಚೆಂದರೆ ಎರಡೂಕಾಲು ಇಂಚು. ಉಳಿದ ಹತ್ತು ಇಂಚು ನೀರು ಎಲ್ಲಿಗೆ ಹೋಯ್ತು? ನಮ್ಮದು 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ. ಆ ಮಟ್ಟದಲ್ಲಿ ಒಂದು ಅಡಿ ಅಂದರೆ ಹೆಚ್ಚೂಕಡಿಮೆ ಒಂದು ಲಕ್ಷ ಲೀಟರ್. ಅರ್ಧ ಎಕರೆ ಏಲಕ್ಕಿ ಬಾಳೆ ಆಗತಾನೇ ಗೊನೆ ಹಾಕಿತ್ತು, ಕಾಯಿ ದಪ್ಪ ಆಗೋ ಸಮಯ. ಆಗ ನೀರು ತಪ್ಪಿದರೆ ಕಾಯಿ ಕಡ್ಡಿ ಥರ ಉಳಿಯುತ್ತೆ ಅಂತ ಬಾಳೆ ಬೆಳೆದವರಿಗೆ ಹೇಳಬೇಕಾಗಿಲ್ಲ.

ಹುಡುಕಿದಾಗ ಸಿಕ್ಕಿದ್ದು ಪ್ಲಾಸ್ಟಿಕ್ ಹಾಳೆಯಲ್ಲಿ ಒಂದು ಗೇಣು ಉದ್ದದ ಹರಕು. ಹರಿದವನು ನಾನೇ. ಹದಿನೈದು ದಿನದ ಹಿಂದೆ ಎರೆಹುಳ ಸಿಕ್ಕಿಸಿ ಗಾಳ ಬಿಟ್ಟಿದ್ದೆ. ಕೊಕ್ಕೆ ತಳದಲ್ಲಿ ಏನಕ್ಕೋ ಸಿಕ್ಕಿಕೊಂಡಿತು. ಬೇರೋ ಕಡ್ಡಿಯೋ ಇರಬೇಕು ಅಂತ ಜೋರಾಗಿ ಎಳೆದೆ, ಕೊಕ್ಕೆ ಬಿಡಿಸಿಕೊಂಡು ಬಂತು, ನಾನು ಖುಷಿಯಾಗಿ ಮನೆಗೆ ಹೋದೆ. 500 ಮೈಕ್ರಾನ್ ಹಾಳೆ ಅಂದರೆ ಅರ್ಧ ಮಿಲಿಮೀಟರ್ ದಪ್ಪ. ಅದಕ್ಕೆ ಕೊಕ್ಕೆ ಮೊನೆ ಹೊಕ್ಕರೆ ಸಾಕು, ಉಳಿದಿದ್ದನ್ನು ನಮ್ಮ ಕೈಯೇ ಮಾಡುತ್ತೆ.

ಹೊಂಡದಲ್ಲಿ ಗಾಳ ಯಾಕೆ ಹಾಕ್ತಿದ್ದೆ ಅಂತ ಕೇಳಬಹುದು. ಕೊರವನ ಕಾಟ ಸ್ವಾಮಿ. ಕೆಲವು ಕಡೆ ಮರಲ್ ಅಂತಾರೆ, ಮಾರ್ಕೆಟ್ಟಿನಲ್ಲಿ ಮುರ್ರೆಲ್. ಹಾವಿನ ತಲೆ, ಬಾಯಿ ತುಂಬಾ ಹಲ್ಲು. ನಾನು ಬಿಟ್ಟಿದ್ದು 600 ಕಾಟ್ಲಾ, ರೋಹು ಮರಿ. ವರ್ಷದ ಮೇಲೆ ಬಲೆ ಎಳೆಸಿದಾಗ ಎಂಬತ್ತು ದಾಟಲಿಲ್ಲ. ಕೊರವವನ್ನು ನಾನು ಬಿಟ್ಟಿರಲಿಲ್ಲ. ಮಳೆಗಾಲದಲ್ಲಿ ಕಾಲುವೆ ನೀರಿನ ಜೊತೆ ಮರಿಯಾಗಿ ಬಂದಿರುತ್ತೆ. ಅದು ಬರೀ ಕಿವಿರಿನಿಂದ ಉಸಿರಾಡೋ ಮೀನಲ್ಲ, ಮೇಲೆ ಬಂದು ಗಾಳಿ ಕುಡಿಯುತ್ತೆ. ಹಾಗಾಗಿ ಒದ್ದೆ ನೆಲದ ಮೇಲೆ ಸ್ವಲ್ಪ ದೂರ ತೆವಳಿಕೊಂಡೂ ಬರಬಲ್ಲದು. ಬಲೆ ಎಳೆದರೆ ತಳದ ಹೂಳಿಗೆ ತಲೆ ಹಾಕಿ ಬಲೆ ಅಡಿಯಿಂದ ಜಾರಿಕೊಳ್ಳುತ್ತೆ. ಹೊಂಡ ಖಾಲಿ ಮಾಡಿ ಹಿಡಿಯೋಣ ಅಂದರೆ ಬೇಸಿಗೆಯಲ್ಲಿ ಡ್ರಿಪ್ಪಿಗೆ ಇರೋದೇ ಅದೊಂದು ನೀರು. ಉಳಿದದ್ದು ಗಾಳ. ಆದರೆ ಹಾಳೆ ಹರಿಯದ ಗಾಳ ಬೇಕು.

ಮೊನೆ ಮೇಲಕ್ಕಿರಬೇಕು

ಜಿಗ್ ಅಂದರೆ ತಲೆ ಹತ್ತಿರ ಭಾರ ಇಟ್ಟು, ಹಿಂದೆ ಕೂದಲೋ ಪುಕ್ಕವೋ ಕಟ್ಟಿದ ಕೊಕ್ಕೆ. ಹುಳ, ಹಿಟ್ಟು ಏನೂ ಬೇಡ. ನೀರಲ್ಲಿ ಎತ್ತಿ ಇಳಿಸಿದರೆ ಕೂದಲು ಅರಳುತ್ತೆ, ಮುದುಡುತ್ತೆ. ಬೇಟೆ ಮೀನಿಗೆ ಅದು ಸಣ್ಣ ಮೀನಿನ ಥರ, ಗೊದಮೊಟ್ಟೆ ಥರ ಕಾಣುತ್ತೆ. ಅಮೆರಿಕದಲ್ಲಿ ಇದನ್ನು ಬಕ್‌ಟೇಲ್ ಅಂತಾರೆ, ಅಲ್ಲಿನ ಬಿಳಿಬಾಲದ ಜಿಂಕೆಯ ಬಾಲದ ಕೂದಲಿನಿಂದ ಕಟ್ಟೋದರಿಂದ ಆ ಹೆಸರು.

ನಮ್ಮ ಕೆಲಸಕ್ಕೆ ಮುಖ್ಯವಾದ ವಿಷಯ ಬೇರೆ. ಜಿಗ್ಗಿನಲ್ಲಿ ಭಾರ ಕೊಕ್ಕೆಯ ಬೆನ್ನಿನ ಕಡೆ ಇರುತ್ತೆ. ನೀರಿಗೆ ಬಿಟ್ಟಾಗ ಭಾರ ಕೆಳಗಾಗಿ ಮೊನೆ ಆಕಾಶ ನೋಡುತ್ತೆ. ತಳಕ್ಕೆ ತಾಗೋದು ಗುಂಡಗಿರೋ ತಲೆ, ಮೊನೆಯಲ್ಲ. ಕಲ್ಲು, ಬೇರು ಇರೋ ಕೆರೆಯಲ್ಲಿ ಗಾಳ ಕಳೆದುಕೊಳ್ಳಬಾರದು ಅಂತ ಜನ ಇದನ್ನು ಬಳಸ್ತಾರೆ. ನನಗೆ ಅದು ಹಾಳೆ ಉಳಿಸೋ ಉಪಾಯವಾಗಿ ಕಂಡಿತು.

ಅಂಗಡಿ ಜಿಗ್ಗಿನ ತಲೆ ಸಾಮಾನ್ಯವಾಗಿ ಸೀಸ. ನಾನೂ ಮೊದಲು ಸೀಸ ಕರಗಿಸೋಕೆ ಹೋದೆ. ಸೀಸ 327 ಡಿಗ್ರಿಗೆ ಕರಗುತ್ತೆ, ಸೌದೆ ಒಲೆಯಲ್ಲೇ ಆಗುತ್ತೆ. ಮಣ್ಣಿನ ಅಚ್ಚು ಮಾಡಿ ಒಣಗಿಸಿದ್ದೆ, ಒಣಗಿದೆ ಅಂದ್ಕೊಂಡಿದ್ದೆ. ಒಳಗೆ ಪಸೆ ಇತ್ತು. ಸೀಸ ಬಿದ್ದ ಕೂಡಲೇ ಆ ಪಸೆ ಹಬೆಯಾಗಿ ಪಟಾರ್ ಅಂತ ಸಿಡೀತು. ಒಂದು ಹನಿ ಪಾದದ ಮೇಲೆ ಬಿತ್ತು, ಕಲೆ ಈಗಲೂ ಇದೆ. ಕಣ್ಣಿಗೆ ಬಿದ್ದಿದ್ದರೆ ಈ ಲೇಖನ ಬರೆಯೋಕೆ ಆಗ್ತಿರಲಿಲ್ಲ. ಹಳೇ ಬ್ಯಾಟರಿ ಒಡೆದು ಸೀಸ ತೆಗೆಯೋ ಯೋಚನೆಯಂತೂ ಬೇಡವೇ ಬೇಡ. ಅದರಲ್ಲಿ ಆಸಿಡ್ ಇದೆ, ಆರ್ಸೆನಿಕ್ಕೂ ಇರುತ್ತೆ. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿಗೆ ವಿಷ. ಸಾವಯವ ಅಂತ ಬೋರ್ಡ್ ಹಾಕಿಕೊಂಡು ತೋಟದ ಮೂಲೆಯಲ್ಲಿ ಸೀಸ ಕರಗಿಸೋದು ಯಾವ ನ್ಯಾಯ ಅಂತ ಅಮ್ಮ ಕೇಳಿದ್ದು ಸರಿಯಾಗೇ ಇತ್ತು.

ಹಾಗಾಗಿ ಈಗ ನನ್ನ ಜಿಗ್ಗಿಗೆ ಕಬ್ಬಿಣದ ನಟ್ಟೇ ತಲೆ.

ನಟ್ಟಿನ ತಲೆ ಮಾಡೋದು

10 ನಂಬರ್ ಸ್ಪ್ಯಾನರ್ ಹಾಕ್ತೀವಲ್ಲ, ಆ ನಟ್ಟು (6 ಎಂಎಂ ಬೋಲ್ಟಿನದು) ಸುಮಾರು ಎರಡೂವರೆ ಗ್ರಾಂ. 13 ನಂಬರ್ ನಟ್ಟು (8 ಎಂಎಂ) ಐದು ಗ್ರಾಂ ಚಿಲ್ಲರೆ. ಆಳ ಕಡಿಮೆ ಇರೋ ಕಡೆ, ದಡದ ಹತ್ತಿರಕ್ಕೆ 10 ನಂಬರ್ ಸಾಕು. ಮೂರು ಮೀಟರ್ ಆಳಕ್ಕೆ, ಗಾಳಿ ಇದ್ದ ದಿನಕ್ಕೆ 13 ನಂಬರ್. ಸೀಸಕ್ಕಿಂತ ಕಬ್ಬಿಣ ಹಗುರ, ಅಷ್ಟೇ ತೂಕಕ್ಕೆ ಗಾತ್ರ ಸ್ವಲ್ಪ ದೊಡ್ಡದಾಗುತ್ತೆ. ಕೊರವನ ಬಾಯಿಗೆ ಅದೊಂದು ಲೆಕ್ಕವಲ್ಲ.

ಕೊಕ್ಕೆ 2/0 ಸೈಜಿನದು ತಗೊಳ್ಳಿ, ಕಡ್ಡಿ ಸ್ವಲ್ಪ ಉದ್ದ ಇರೋದು. ಮನೆಗೆ ತಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಮೊನೆ ಪಕ್ಕದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡೋದು. ಮೀನು ತಪ್ಪಿಸಿಕೊಳ್ಳಲ್ವಾ ಅಂತ ಎಲ್ಲರೂ ಕೇಳ್ತಾರೆ. ದಾರ ಬಿಗಿಯಾಗಿಟ್ಟರೆ ತಪ್ಪಿಸಿಕೊಳ್ಳಲ್ಲ. ಆದರೆ ಆ ಕೊಕ್ಕೆ ನಿಮ್ಮ ಬೆರಳಿಗೆ ಹೊಕ್ಕರೆ ಬಂದ ದಾರಿಯಲ್ಲೇ ಈಚೆ ಬರುತ್ತೆ. ಹಿಮ್ಮುಳ್ಳು ಇದ್ದಿದ್ದರೆ ಆಸ್ಪತ್ರೆ. ಹೇಗಾದರೂ ಚುಚ್ಚಿಕೊಂಡರೆ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ, ಹೊಂಡದ ನೀರು ಶುದ್ಧ ಅಲ್ಲ.

ನಟ್ಟನ್ನು ಕೊಕ್ಕೆಯ ಕಣ್ಣಿನ ಕಡೆಯಿಂದ ತೂರಿಸಿ, ಕಣ್ಣಿನ ಹಿಂದೆ ಎರಡು ಮಿಲಿಮೀಟರ್ ಬಿಟ್ಟು ನಿಲ್ಲಿಸಿ. ಈಗ ಗಮನ ಕೊಡಿ, ಇಡೀ ಕೆಲಸ ಇರೋದು ಇಲ್ಲೇ. ನಟ್ಟಿನ ತೂತು ದೊಡ್ಡದು, ಕೊಕ್ಕೆಯ ಕಡ್ಡಿ ಸಣ್ಣದು. ಕಡ್ಡಿ ತೂತಿನ ನಡುವೆ ಇರಬಾರದು. ಮೊನೆ ಯಾವ ಕಡೆ ಇದೆಯೋ ಆ ಕಡೆಯ ಅಂಚಿಗೆ ಕಡ್ಡಿ ಒತ್ತಿಕೊಂಡಿರಬೇಕು. ಆಗ ನಟ್ಟಿನ ಹೆಚ್ಚಿನ ಭಾಗ ಮೊನೆಯ ವಿರುದ್ಧ ದಿಕ್ಕಿಗೆ, ಅಂದರೆ ಹೊಟ್ಟೆ ಕಡೆ ಜೋತು ಬೀಳುತ್ತೆ. ಹಾಗೇ ಹಿಡಿದು ತೂತಿಗೆ ಎಂ-ಸೀಲ್ ತುಂಬಿ. ಹೊಟ್ಟೆ ಕಡೆ ಇನ್ನೊಂದಿಷ್ಟು ಹೆಚ್ಚು ಮೆತ್ತಿ. ಬೆರಳು ಒದ್ದೆ ಮಾಡಿಕೊಂಡು ನಟ್ಟಿನ ಮೂಲೆಗಳೆಲ್ಲ ಮುಚ್ಚಿ ಗೋಲಿ ಥರ ಗುಂಡಗಾಗೋ ಹಾಗೆ ಸವರಿ. ಆರು ಮೂಲೆಯ ನಟ್ಟು ಹಾಗೇ ಇದ್ದರೆ ಮೊನೆಯ ಕೆಲಸ ಮೂಲೆ ಮಾಡುತ್ತೆ, ಹಾಳೆ ಉಜ್ಜಿ ಗೀರಾಗುತ್ತೆ. ರಾತ್ರಿ ಪೂರ್ತಿ ಒಣಗಲಿ.

ಬೆಳಗ್ಗೆ ಬಕೆಟ್ ನೀರಲ್ಲಿ ಪರೀಕ್ಷೆ. ದಾರ ಕಟ್ಟಿ ಇಳಿಸಿ, ತಳದಲ್ಲಿ ಅಡ್ಡಡ್ಡ ಎಳೆಯಿರಿ. ಮೊನೆ ಮೇಲಿದ್ದರೆ ಪಾಸ್. ಮಗುಚಿಕೊಂಡರೆ ಹೊಟ್ಟೆ ಕಡೆ ಭಾರ ಸಾಲದು ಅಂತ ಅರ್ಥ, ಇನ್ನೊಂದು ಸಣ್ಣ ನಟ್ಟು ಅಲ್ಲೇ ಅಂಟಿಸಿ. ನನ್ನ ಮೊದಲ ಐದರಲ್ಲಿ ಮೂರು ಮಗುಚಿದವು. ಪಾಸಾಗದ್ದನ್ನು ಮಾತ್ರ ಹೊಂಡಕ್ಕೆ ತಗೊಂಡು ಹೋಗಬೇಡಿ.

ಯಾವ ಕೂದಲು?

ನಮ್ಮ ಊರಿನ ಮಾಂಸದಂಗಡಿಯವರ ಹತ್ತಿರ ಮೇಕೆ ಬಾಲ ಕೊಡಿ ಅಂದಾಗ ಅವರು ನಕ್ಕು, "ಬಾಲದಲ್ಲಿ ಏನಿದೆ ಸಾರ್, ಮಾಂಸಾನೇ ಇಲ್ಲ" ಅಂದರು. ಪುಕ್ಕಟೆ ಕೊಟ್ಟರು. ಮನೆ ಜಗಲಿಯಲ್ಲಿ ಕೂತು ಬಾಚ್ತಾ ಇದ್ದಾಗ ಅಮ್ಮ, "ಬಾಗಲಕೋಟೆಗೆ ಹೋಗಿ ಅಷ್ಟು ವರ್ಷ ತೋಟಗಾರಿಕೆ ಓದಿ ಬಂದು ಈಗ ಮೇಕೆ ಬಾಲ ಬಾಚ್ತಿದೀಯಲ್ಲೋ" ಅಂತ ತಲೆ ಚಚ್ಚಿಕೊಂಡಳು.

ಮೇಕೆಯ ಬಾಲ ಮತ್ತು ಬೆನ್ನಿನ ಉದ್ದ ಕೂದಲು ನಾನು ನೋಡಿದ್ದರಲ್ಲಿ ಅತ್ಯುತ್ತಮ. ಬುಡದಲ್ಲಿ ದಪ್ಪ, ತುದಿಗೆ ಹೋಗ್ತಾ ಸಣ್ಣ. ಈ ಮೊನಚು ತುದಿಯೇ ನೀರಲ್ಲಿ ಜೀವ ಬಂದ ಹಾಗೆ ಅಲುಗೋದು. ಅದಕ್ಕೇ ಕೂದಲಿನ ತುದಿಯನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ಉದ್ದ ಹೆಚ್ಚಾದರೆ ಬುಡದ ಕಡೆ ಕತ್ತರಿಸಿ.

ಕುರಿ ಉಣ್ಣೆ ಬೇಡ. ಅದು ನೀರು ಹೀರಿ ಮುದ್ದೆಯಾಗುತ್ತೆ. ಹಸುವಿನ ಬಾಲದ ಕೂದಲು ಉದ್ದ, ಗಟ್ಟಿ, ಆದರೆ ಬಿರುಸು. ಬಾಲಕ್ಕೆ ಸರಿಹೋಗಲ್ಲ, ಬೇರೊಂದು ಕೆಲಸಕ್ಕೆ ಬರುತ್ತೆ, ಮುಂದೆ ಹೇಳ್ತೀನಿ. ಮನುಷ್ಯರ ಕೂದಲು ಒದ್ದೆಯಾದರೆ ಒಂದಕ್ಕೊಂದು ಅಂಟಿ ಹಗ್ಗದ ತುಂಡಿನ ಹಾಗೆ ಆಗುತ್ತೆ. ನಾಟಿ ಹುಂಜದ ಕತ್ತಿನ ಪುಕ್ಕ ಮಾತ್ರ ಭಾಳ ಚೆನ್ನ. ಎರಡು ಪುಕ್ಕ ಎರಡು ಪಕ್ಕಕ್ಕೆ ಕಟ್ಟಿದರೆ ಕಪ್ಪೆ ಕಾಲು ಒದ್ದ ಹಾಗೆ ಆಡುತ್ತೆ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕೊಯ್ದ, ಆರೋಗ್ಯವಾಗಿದ್ದ ಪ್ರಾಣಿಯ ಕೂದಲು ಮಾತ್ರ ತಗೊಳ್ಳಿ. ಇದ್ದಕ್ಕಿದ್ದಂತೆ ಸತ್ತ ಮೇಕೆ, ಕುರಿ, ದನದ ಕೂದಲು, ಚರ್ಮ ಮುಟ್ಟಲೇಬೇಡಿ. ಆಂಥ್ರಾಕ್ಸ್ ರೋಗದ ಬೀಜಾಣುಗಳು ಕೂದಲು, ಉಣ್ಣೆ, ಚರ್ಮದಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ, ಮನುಷ್ಯರಿಗೂ ಬರುತ್ತೆ. ಹಾಗೆ ಸತ್ತ ಪ್ರಾಣಿ ಕಂಡರೆ ಪಶು ವೈದ್ಯರಿಗೆ ಹೇಳಿ.

ಎರಡನೇದು ಕಾನೂನು. ಯೂಟ್ಯೂಬಿನಲ್ಲಿ ಜಿಂಕೆ ಬಾಲ ನೋಡಿ, ಕಾಡಂಚಿನಲ್ಲಿರೋ ಹುಡುಗರು ಯಾರಾದರೂ ಆಸೆಪಟ್ಟೀರ, ಜೋಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ, ಕಡವೆಯ ಕೂದಲು, ಚರ್ಮ, ಕೊಂಬು ಇಟ್ಟುಕೊಳ್ಳೋದೂ ಅಪರಾಧ. ಸತ್ತು ಬಿದ್ದಿತ್ತು ಅನ್ನೋದು ನೆಪವಾಗಲ್ಲ. ಮುಂಗುಸಿ ಕೂದಲೂ ಹಾಗೇ, ಚಿತ್ರ ಬರೆಯೋ ಬ್ರಷ್ಷಿಗೆ ಅದನ್ನು ಬಳಸಿದವರ ಮೇಲೂ ಕೇಸಾಗಿವೆ. ನಮಗೆ ಮೇಕೆ ಇದೆ, ಸಾಕು. ಜಿಂಕೆ ಕೂದಲು ಒಳಗೆ ಟೊಳ್ಳು, ಸ್ವಲ್ಪ ತೇಲುತ್ತೆ. ಮೇಕೆಯದು ಅಷ್ಟು ತೇಲಲ್ಲ, ಹಾಗಾಗಿ ಜಿಗ್ ಸ್ವಲ್ಪ ಬೇಗ ಇಳಿಯುತ್ತೆ. ವ್ಯತ್ಯಾಸ ಅಷ್ಟೇ.

ಬಾಲ ತಂದ ದಿನವೇ ಚರ್ಮದ ಹತ್ತಿರಕ್ಕೆ ಕೂದಲು ಕತ್ತರಿಸಿ, ಹಿಡಿ ಹಿಡಿಯಾಗಿ ದಾರದಲ್ಲಿ ಕಟ್ಟಿ. ಸೀಗೆಪುಡಿ ಅಥವಾ ಶಾಂಪೂ ಹಾಕಿ ಜಿಡ್ಡು ಹೋಗೋ ತನಕ ತೊಳೆದು ನೆರಳಲ್ಲಿ ಒಣಗಿಸಿ. ಜಿಡ್ಡು ಉಳಿದರೆ ವಾಸನೆ ಬರುತ್ತೆ, ಹುಳ ಹಿಡಿಯುತ್ತೆ. ಡಬ್ಬಿಯಲ್ಲಿ ಒಣಗಿದ ಬೇವಿನ ಸೊಪ್ಪಿನ ಜೊತೆ ಇಟ್ಟಿದ್ದೀನಿ, ಒಂದು ವರ್ಷದಿಂದ ಚೆನ್ನಾಗೇ ಇದೆ.

ಚೌರಿ ಕೂದಲು, ಹಗ್ಗದ ಎಳೆ

ಜಾತ್ರೆಯಲ್ಲಿ, ಬಳೆ ಅಂಗಡಿಯಲ್ಲಿ ಹೆಣ್ಣುಮಕ್ಕಳ ಜಡೆಗೆ ಸೇರಿಸೋ ಚೌರಿ ಸಿಗುತ್ತಲ್ಲ, ಅದರಲ್ಲಿ ಸಿಂಥೆಟಿಕ್ ಕೂದಲಿನದು ಜಿಗ್ಗಿಗೆ ಒಳ್ಳೆ ಸಾಮಾನು. ಒಂದು ಚೌರಿಯಲ್ಲಿ ಐವತ್ತು ಜಿಗ್ ಕಟ್ಟಬಹುದು. ನೀರು ಹೀರಲ್ಲ, ಕೊಳೆಯಲ್ಲ, ಹುಳ ತಿನ್ನಲ್ಲ, ಎಷ್ಟು ಉದ್ದ ಬೇಕಾದರೂ ಸಿಗುತ್ತೆ. ಕೊರವನ ಹಲ್ಲಿಗೆ ಮೇಕೆ ಕೂದಲು ಮೂರ್ನಾಲ್ಕು ಮೀನಿಗೆ ಉದುರಿದರೆ ಚೌರಿ ಇನ್ನೂ ಎರಡರಷ್ಟು ತಡೆಯುತ್ತೆ.

ಕೊರತೆ ಏನಂದ್ರೆ ಅದರ ಎಳೆ ಬುಡದಿಂದ ತುದಿವರೆಗೂ ಒಂದೇ ದಪ್ಪ. ಕತ್ತರಿಯಲ್ಲಿ ಅಡ್ಡ ಕತ್ತರಿಸಿದರೆ ಪೊರಕೆ ಥರ ಕಾಣುತ್ತೆ, ನೀರಲ್ಲೂ ಪೊರಕೆ ಥರಾನೇ ಬರುತ್ತೆ. ಅದಕ್ಕೆ ಹೀಗೆ ಮಾಡಿ: ಕಂತೆಯ ಎರಡು ತುದಿ ಎರಡು ಕೈಯಲ್ಲಿ ಹಿಡಿದು ಎಳೆಯಿರಿ, ಎರಡು ಪಾಲಾಗುತ್ತೆ, ಒಂದರ ಮೇಲೊಂದು ಇಟ್ಟು ಮತ್ತೆ ಎಳೆಯಿರಿ. ಐದಾರು ಸಲ ಹೀಗೆ ಮಾಡಿದರೆ ಎಳೆಗಳು ಹಿಂದುಮುಂದಾಗಿ ತುದಿ ತಾನಾಗೇ ಸಣ್ಣಗಾಗುತ್ತೆ. ಕಟ್ಟಿದ ಮೇಲೆ ಕತ್ತರಿ ಹಾಕಲೇಬೇಕಾದರೆ ಅಡ್ಡ ಹಾಕದೆ, ಕೂದಲಿನ ಉದ್ದಕ್ಕೆ ಕತ್ತರಿ ಹಿಡಿದು ಅಲ್ಲಲ್ಲಿ ತೆಳು ಮಾಡಿ, ಕ್ಷೌರದವರು ಮಾಡ್ತಾರಲ್ಲ ಹಾಗೆ.

ಹಳೇ ಪ್ಲಾಸ್ಟಿಕ್ ಹಗ್ಗ ಬಿಚ್ಚಿ ಬಳಸಬಹುದಾ? ಬಳಸಿ ನೋಡಿದೆ. ಹಗ್ಗದಲ್ಲಿ ಎರಡು ಜಾತಿ. ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತೆ, ನೈಲಾನ್ ಮುಳುಗುತ್ತೆ. ಒಂದು ತುಂಡು ನೀರಿಗೆ ಹಾಕಿದರೆ ಗೊತ್ತಾಗುತ್ತೆ. ತೇಲೋ ಎಳೆ ಕಟ್ಟಿದರೆ ಬಾಲ ಮೇಲಕ್ಕೆದ್ದು ನಿಲ್ಲುತ್ತೆ, ನಮ್ಮ ಕೆಲಸಕ್ಕೆ ಒಳ್ಳೇದೇ. ಆದರೆ ಬಿಸಿಲಿಗೆ ಬಿದ್ದು ಹಳತಾದ ಹಗ್ಗದ ಎಳೆ ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತೆ. ಆ ಪುಡಿ ಹೊಂಡಕ್ಕೆ, ಅಲ್ಲಿಂದ ಡ್ರಿಪ್ಪಿಗೆ, ಅಲ್ಲಿಂದ ಮಣ್ಣಿಗೆ ಹೋಗುತ್ತೆ. ಗೊಬ್ಬರದ ಚೀಲದ ದಾರವೂ ಅಷ್ಟೇ. ನಾನು ಬಿಟ್ಟುಬಿಟ್ಟೆ.

ಈಗ ನನ್ನ ಹತ್ತಿರ ಇರೋವು ಹೆಚ್ಚಾಗಿ ಬೆರಕೆ. ಒಳಗೆ ಸ್ವಲ್ಪ ಚೌರಿ ಕೂದಲು ಮೈಕಟ್ಟಿಗೆ, ಮೇಲೆ ಮೇಕೆ ಕೂದಲು ಆಟಕ್ಕೆ.

ಕಟ್ಟೋದು

ವೈಸ್ ಇಲ್ಲದಿದ್ದರೂ ನಡೆಯುತ್ತೆ. ಕಟಿಂಗ್ ಪ್ಲೇಯರಿನ ಬಾಯಲ್ಲಿ ಕೊಕ್ಕೆಯ ಬಾಗಿದ ಭಾಗ ಕಚ್ಚಿಸಿ, ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿಯಾಗಿ ಸುತ್ತಿ, ಎರಡು ಇಟ್ಟಿಗೆ ನಡುವೆ ನಿಲ್ಲಿಸಿ. ಮೊನೆ ನಿಮ್ಮ ಕಡೆ ಇಲ್ಲದ ಹಾಗೆ ನೋಡಿಕೊಳ್ಳಿ. ದಾರಕ್ಕೆ ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರ ಸಾಕು. ಹತ್ತಿ ದಾರ ಕೊಳೆಯುತ್ತೆ.

ನಟ್ಟಿನ ಹಿಂದೆ ಕಡ್ಡಿಯ ಮೇಲೆ ಅರ್ಧ ಇಂಚು ದಾರ ಒತ್ತೊತ್ತಾಗಿ ಸುತ್ತಿ. ಬರೀ ಕಬ್ಬಿಣದ ಮೇಲೆ ಕೂದಲು ಕಟ್ಟಿದರೆ ಜಾರಿ ತಿರುಗುತ್ತೆ, ಈ ಸುತ್ತು ಅದಕ್ಕೆ ಹಾಸಿಗೆ. ಈಗ ಮೂರು ಬೆಂಕಿಕಡ್ಡಿ ದಪ್ಪದಷ್ಟು ಕೂದಲು ತಗೊಳ್ಳಿ. ಬುಡದಲ್ಲಿರೋ ಮೆತ್ತನೆ ತುಪ್ಪಳವನ್ನು ಹೇನು ಬಾಚಣಿಗೆಯಲ್ಲಿ ಬಾಚಿ ತೆಗೆದುಬಿಡಿ, ಅದು ಉಳಿದರೆ ಕಟ್ಟು ಸಡಿಲವಾಗುತ್ತೆ. ಕೂದಲ ತುದಿ ಕೊಕ್ಕೆಯ ಬಾಗಿದ ಭಾಗ ದಾಟಿ, ಕೊಕ್ಕೆಯಷ್ಟೇ ಉದ್ದ ಇನ್ನೂ ಹಿಂದೆ ಹೋಗಬೇಕು. ಅದಕ್ಕಿಂತ ಉದ್ದವಾದರೆ ಮೀನು ಬಾಲ ಮಾತ್ರ ಕಚ್ಚಿ ಬಿಟ್ಟುಬಿಡುತ್ತೆ.

ಕೂದಲನ್ನು ಕಡ್ಡಿ ಮೇಲಿಟ್ಟು ಮೊದಲ ಎರಡು ಸುತ್ತು ಸಡಿಲವಾಗಿ ಹಾಕಿ, ಮೂರನೇ ಸುತ್ತಿಗೆ ಬಿಗಿಯಿರಿ. ಮೊದಲೇ ಬಿಗಿದರೆ ಕೂದಲೆಲ್ಲ ದಾರದ ಜೊತೆ ತಿರುಗಿ ಒಂದೇ ಪಕ್ಕಕ್ಕೆ ಹೋಗುತ್ತೆ. ಹೀಗೆ ಸಣ್ಣ ಸಣ್ಣ ಮೂರು ಕಂತೆ ಕಟ್ಟಿ: ಎರಡು ಮೊನೆಯ ಕಡೆ, ಒಂದು ಹೊಟ್ಟೆ ಕಡೆ. ಮೊನೆ ಕೂದಲ ಒಳಗೆ ಅಡಗಿದ ಹಾಗಿರಬೇಕು. ಒಂದೇ ದೊಡ್ಡ ಕಂತೆ ಕಟ್ಟಿದರೆ ನಡುವಿನ ಕೂದಲಿಗೆ ಬಿಗಿ ತಾಗದೆ ಎರಡನೇ ದಿನಕ್ಕೆ ಉದುರಿಹೋಗುತ್ತೆ. ಹೊಸಬರು ಮಾಡೋ ದೊಡ್ಡ ತಪ್ಪು ಅಂದರೆ ಕೂದಲು ಅತಿ ಮಾಡೋದು. ಒಣಗಿದಾಗ ಬಡಕಲಾಗಿ ಕಂಡಿದ್ದೇ ನೀರಲ್ಲಿ ಸರಿಯಾಗಿರೋದು.

ಮುಂದೆ ಉಳಿದ ಬುಡಗಳನ್ನು ಓರೆಯಾಗಿ ಕತ್ತರಿಸಿ, ಅದರ ಮೇಲೆ ದಾರ ಸುತ್ತಿ ಮುಚ್ಚಿ. ಐದಾರು ಅರೆಗಂಟು ಹಾಕಿ. ದಾರದ ಮೇಲೆ ಫೆವಿಕ್ವಿಕ್ ಒಂದೇ ಹನಿ, ಕೂದಲಿಗೆ ಹರಿಯದ ಹಾಗೆ. ಅದರ ಮೇಲೆ, ನಟ್ಟಿನ ಮೇಲೂ, ಎರಡು ಸಲ ನೈಲ್ ಪಾಲಿಷ್ ಹಚ್ಚಿ. ತುಕ್ಕೂ ಹಿಡಿಯಲ್ಲ. ಬಣ್ಣ ನಿಮ್ಮ ಮನೆಯವರ ಡಬ್ಬಿಯಲ್ಲಿ ಏನಿದೆಯೋ ಅದು. ನನ್ನ ಅತ್ಯಂತ ಯಶಸ್ವಿ ಜಿಗ್ ಕಡು ಗುಲಾಬಿ ತಲೆಯದು.

ಇನ್ನು ಹಸುವಿನ ಬಾಲದ ಕೂದಲು. ಹತ್ತು ಹನ್ನೆರಡು ಬಿರುಸು ಕೂದಲನ್ನು ಕಣ್ಣಿನ ಹಿಂದೆ, ಮೊನೆಯ ಕಡೆಗೆ ಓರೆಯಾಗಿ ಕಟ್ಟಿ, ಅದರ ತುದಿ ಮೊನೆಗಿಂತ ಕಾಲು ಇಂಚು ಮುಂದೆ ಹೋಗೋ ಹಾಗೆ ಕತ್ತರಿಸಿ. ಇದು ಮೊನೆಗೆ ಬೇಲಿ. ಜೊಂಡು, ಪಾಚಿ, ಹಾಳೆಯ ಮಡಿಕೆ ತಾಗಿದಾಗ ಕೂದಲು ತಡೆಯುತ್ತೆ, ಮೀನು ಕಚ್ಚಿದಾಗ ಮಾತ್ರ ಬಾಗಿ ಮೊನೆಗೆ ದಾರಿ ಬಿಡುತ್ತೆ. ಹಾಳೆ ಹಾಕಿದ ಹೊಂಡ ಇರೋರು ಇದನ್ನು ಬಿಡಬೇಡಿ.

ಹೊಂಡದ ದಡದಲ್ಲಿ

ಇದು ಓದದೆ ಗಾಳ ತಗೊಂಡು ಓಡಬೇಡಿ. ಹಾಳೆ ಹಾಕಿದ ಹೊಂಡದ ಇಳಿಜಾರು ಪಾಚಿ ಕಟ್ಟಿದರೆ ಸೋಪು ಹಚ್ಚಿದ ಹಾಗೆ. ಈಜು ಬಂದರೂ ಹತ್ತಿ ಬರೋಕೆ ಆಗಲ್ಲ. ನಮ್ಮ ಚಿಕ್ಕಪ್ಪನ ಮಗ ಕೊರವ ಎಳೀತಾ ಒಂದು ಹೆಜ್ಜೆ ಕೆಳಗಿಟ್ಟ, ಜಾರಿ ಸೊಂಟದವರೆಗೆ ಇಳಿದುಬಿಟ್ಟ. ಮೂಲೆಯಲ್ಲಿ ಬೇವಿನ ಮರಕ್ಕೆ ಕಟ್ಟಿದ್ದ ಗಂಟಿನ ಹಗ್ಗ ಕೈಗೆ ಸಿಕ್ಕಿದ್ದಕ್ಕೆ ಉಳಿದ. ನಾಲ್ಕೂ ಕಡೆಯಿಂದ ಒಂದೊಂದು ಅಡಿಗೆ ಗಂಟು ಹಾಕಿದ ದಪ್ಪ ಹಗ್ಗ ನೀರಿನವರೆಗೆ ಇಳಿಬಿಡಿ, ಗಾಳಿ ತುಂಬಿದ ಲಾರಿ ಟ್ಯೂಬು ಒಂದು ದಡದಲ್ಲಿರಲಿ. ಒಬ್ಬರೇ ಹೋಗಬೇಡಿ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ಮೀನು ಹಿಡಿಯೋದು ಬೆಳಗಿನ ಜಾವ ಇಲ್ಲವೇ ಸಂಜೆ. ಕೊರವ ಗಾಳಿ ಕುಡಿಯೋಕೆ ಮೇಲೆ ಬಂದಾಗ ಗುಳಕ್ ಅಂತ ಗುಳ್ಳೆ ಏಳುತ್ತೆ. ಸರಿಯಾಗಿ ಅದರ ಮೇಲೆ ಎಸೆದರೆ ಬೆದರಿ ಹೋಗುತ್ತೆ, ಎರಡು ಮಾರು ಆಚೆ ಎಸೆದು ಅದರ ಮುಂದೆ ಹಾಯೋ ಹಾಗೆ ಎಳೆಯಿರಿ. ಜಿಗ್ ತಳಕ್ಕೆ ಹೋಗಲಿ, ಒಂದು ಅಡಿ ಎತ್ತಿ, ಮತ್ತೆ ಇಳಿಯಲು ಬಿಡಿ. ಹೆಚ್ಚು ಸಲ ಕಚ್ಚೋದು ಇಳಿಯುವಾಗಲೇ. ಅದಕ್ಕೇ ಇಳಿಯುವಾಗ ದಾರ ಪೂರ್ತಿ ಸಡಿಲ ಬಿಡಬಾರದು, ಕೈಗೆ ಟಕ್ ಅನ್ನೋದು ಗೊತ್ತಾಗಬೇಕು. ಕೆಂಪು ನೀರಿಗೆ ಕಪ್ಪು ಕೂದಲು, ತಿಳಿ ನೀರಿಗೆ ಬಿಳಿ, ಕಂದು. ಕೆಂಪು ನೀರಲ್ಲಿ ಮೀನಿಗೆ ಬಣ್ಣ ಕಾಣಲ್ಲ, ನೆರಳು ಕಾಣುತ್ತೆ. ಎಲ್ಲಾದರೂ ಸಿಕ್ಕಿಕೊಂಡರೆ ಎಳೀಬೇಡಿ! ದಾರ ಸಡಿಲ ಬಿಟ್ಟು ಎದುರು ದಡಕ್ಕೆ ಹೋಗಿ ಆ ಕಡೆಯಿಂದ ಮೆಲ್ಲಗೆ ಬಿಡಿಸಿ. ಆಗದಿದ್ದರೆ ದಾರ ಕತ್ತರಿಸಿ. ಹತ್ತು ರೂಪಾಯಿ ಜಿಗ್ ಹೋದರೆ ಹೋಗಲಿ.

ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರ ಮೇಲೆ ಉಂಡೆಯಾಗಿ ಓಡಾಡೋದು ಕಂಡರೆ ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಹತ್ತಿರ ಏನೇ ಬಂದರೂ ಕಚ್ಚುತ್ತವೆ. ಊರ ಕೆರೆಯಲ್ಲಾದರೆ ಆ ಸಮಯದಲ್ಲಿ ನಾನು ಗಾಳ ಹಾಕಲ್ಲ. ನನ್ನ ಹೊಂಡದಲ್ಲಿ ಹಾಕ್ತೀನಿ, ಮರಿಗಳನ್ನೂ ಸೊಳ್ಳೆಪರದೆ ಬಟ್ಟೆಯಲ್ಲಿ ಬಾಚಿ ಬಕೆಟ್ಟಿನಲ್ಲಿ ಕೆರೆಗೆ ಸಾಗಿಸ್ತೀನಿ. ಅಂದಹಾಗೆ ಊರ ಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತೆ, ಗುತ್ತಿಗೆದಾರರನ್ನು ಕೇಳಿಯೇ ಗಾಳ ಹಾಕಿ. ಶೃಂಗೇರಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಥರದ ಮತ್ಸ್ಯಧಾಮಗಳ ಸಮೀಪವಂತೂ ಈ ಡಬ್ಬಿ ತೆರೆಯಲೇಬೇಡಿ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಹನ್ನೊಂದು ಕೊರವ ಸಿಕ್ಕವು, ದೊಡ್ಡದು ಒಂದೂಮುಕ್ಕಾಲು ಕೆಜಿ. ನಾಲ್ಕನ್ನು ಅಮ್ಮ ಸಾರು ಮಾಡಿದಳು, ಉಳಿದವು ಒದ್ದೆ ಗೋಣಿಯಲ್ಲಿ ಜೀವಂತ ಸಂತೆಗೆ ಹೋದವು. ಕಾಟ್ಲಾಗೂ ಕೊರವಕ್ಕೂ ಸಂತೆಯಲ್ಲಿ ಎಷ್ಟು ಬೆಲೆ ವ್ಯತ್ಯಾಸ ಇದೆ ಅಂತ ಅವತ್ತು ಗೊತ್ತಾಯ್ತು, ಅದು ಇನ್ನೊಂದು ವಾರದ ಲೇಖನ. ಹಾಳೆಗೆ ಹೊಸ ಗೀರಿಲ್ಲ. ನವೆಂಬರ್‌ನಲ್ಲಿ ಮತ್ತೆ ಮರಿ ಬಿಟ್ಟಿದ್ದೀನಿ, ಈ ಸಲ ಬೆರಳುದ್ದದ್ದಲ್ಲ, ಗೇಣುದ್ದದ ಬಲಿತ ಮರಿ.

ಕಾಲುವೆಯಿಂದ ಹೊಂಡಕ್ಕೆ ನೀರು ಬರೋ ಬಾಯಿಗೆ ಈ ಮುಂಗಾರಿಗೆ ಮೊದಲೇ ಎರಡು ಪದರ ಜಾಲರಿ ಹಾಕಿಸ್ತಿದ್ದೀನಿ. ಮುಂದೆ ಕಸ ತಡೆಯೋಕೆ ಕೋಳಿ ಜಾಲರಿ, ಹಿಂದೆ ಮೀನು ಮರಿ ತಡೆಯೋಕೆ ಸ್ಟೀಲಿನ ಸೊಳ್ಳೆ ಜಾಲರಿ. ಸೊಳ್ಳೆ ಜಾಲರಿ ಒಂದನ್ನೇ ಹಾಕಿದರೆ ಮೊದಲ ಮಳೆಗೇ ಎಲೆ ಕಟ್ಟಿಕೊಂಡು ಕಿತ್ತುಹೋಗುತ್ತೆ. ಹೋದ ವರ್ಷ ನನಗಾಗಿದ್ದು ಅದೇ.